ಹನ್ನೆರಡನೆಯ ದಿನ

(ಮಹಿಳಾ ಸಂಘಗಳ ಸಭೆಯಲ್ಲಿ ಒಂದು ಹಳ್ಳಿಯ ಸಂಘದವರು ಆಡಿದ ಮಾತು)

ಅಕ್ಕಂದಿರೆ, ತಂಗಿಯರೆ, ತಾಯಂದಿರೆ,



ಸಂಘದ ಸಭೆ ಅಂದರೆ ಉಳಿತಾಯದ ಮಾತು ಇರುತ್ತದೆ. ಸಾಲದ ಮಾತು ಇರುತ್ತದೆ. ಇವತ್ತು ನಾವು ಬೇರೆ ಮಾತು ಆಡಲು ಬಂದಿದ್ದೇವೆ. ಅದು ಸಾವಿನ ಮಾತು.

“ಅಯ್ಯೋ, ಇದೇನು ಅಪಶಕುನ!” ಅನ್ನಬೇಡಿ. ಇಲ್ಲಿ ಕೂತಿರುವವರಲ್ಲಿ ಸಾವು ಕಾಣದವರು ಯಾರಿದ್ದಾರೆ? ತಾಯಿಯನ್ನು ಕಳೆದುಕೊಂಡವರು ಇದ್ದೇವೆ. ಗಂಡನನ್ನು ಕಳೆದುಕೊಂಡವರು ಇದ್ದೇವೆ. ಹೆತ್ತ ಕೂಸನ್ನು ಮಣ್ಣಿಗೆ ಕೊಟ್ಟವರೂ ಇದ್ದೇವೆ. ಸಾವು ಎಲ್ಲರ ಮನೆಗೂ ಬರುತ್ತದೆ. ಕರೆಯದೆ ಬರುತ್ತದೆ.

ಆದರೆ ನಾವು ಹೇಳುವುದು ಸತ್ತವರ ಮಾತಲ್ಲ. ಉಳಿದವರ ಮಾತು. ಉಳಿದವರ ಪಕ್ಕದಲ್ಲಿ ಯಾರು ಕೂರಬೇಕು? ಹೇಗೆ ಕೂರಬೇಕು? ಎಷ್ಟು ದಿನ ಕೂರಬೇಕು? ಇದನ್ನು ನಾವು ತಪ್ಪು ಮಾಡಿ ಕಲಿತೆವು. ನೀವು ಅದೇ ತಪ್ಪು ಮಾಡಬಾರದು. ಅದಕ್ಕೇ ಈ ಮಾತು.

ಹನ್ನೊಂದು ದಿನ ಊರೇ ಇರುತ್ತದೆ

ನಮ್ಮ ಊರಿನ ಪದ್ಧತಿ ನಿಮಗೂ ಗೊತ್ತು. ಸಾವಾಯಿತು ಅಂದರೆ ಊರೆಲ್ಲ ಸೇರುತ್ತದೆ. ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ಪಕ್ಕದ ಮನೆಯವರು ಅನ್ನ ಸಾರು ತರುತ್ತಾರೆ. ಹೆಂಗಸರು ಒಬ್ಬರನ್ನೊಬ್ಬರು ತಬ್ಬಿಕೊಂಡು ಅಳುತ್ತಾರೆ. ಹಾಡಿ ಹಾಡಿ ಅಳುತ್ತಾರೆ. ಮೂರನೆಯ ದಿನ ಹಾಲು ತುಪ್ಪ. ಹನ್ನೊಂದನೆಯ ದಿನ ತಿಥಿ.

ನಿಮ್ಮ ಜಾತಿಯಲ್ಲಿ, ನಿಮ್ಮ ಧರ್ಮದಲ್ಲಿ ದಿನದ ಲೆಕ್ಕ ಬೇರೆ ಇರಬಹುದು. ಮುಸ್ಲಿಂ ಅಕ್ಕಂದಿರು ಗಂಡ ತೀರಿಕೊಂಡರೆ ನಾಲ್ಕು ತಿಂಗಳು ಹತ್ತು ದಿನ ಇದ್ದತ್ ಇರುತ್ತಾರೆ. ಲೆಕ್ಕ ಯಾವುದೇ ಇರಲಿ, ಹಿರಿಯರು ಒಂದು ವಿಷಯ ಚೆನ್ನಾಗಿ ತಿಳಿದಿದ್ದರು. ದುಃಖದಲ್ಲಿ ಇರುವವರಿಗೆ ಅಡುಗೆ ಮಾಡಲು ಆಗುವುದಿಲ್ಲ. ಒಂಟಿಯಾಗಿ ಕೂರಲು ಆಗುವುದಿಲ್ಲ. ಅದಕ್ಕೇ ಜನ ಬರಬೇಕು, ಊಟ ಬರಬೇಕು ಅಂತ ಕಟ್ಟು ಮಾಡಿದರು.

ಸರಿ. ಹನ್ನೊಂದು ದಿನ ಆಯಿತು. ಹನ್ನೆರಡನೆಯ ದಿನ ಏನಾಗುತ್ತದೆ?

ಶಾಮಿಯಾನ ಬಿಚ್ಚುತ್ತಾರೆ. ಬಾಡಿಗೆ ಪಾತ್ರೆ ವಾಪಸ್ ಹೋಗುತ್ತವೆ. ನೆಂಟರು ಬಸ್ಸು ಹತ್ತುತ್ತಾರೆ. ಊರಿನವರು ಹೊಲಕ್ಕೆ ಹೋಗುತ್ತಾರೆ. ಮನೆಯಲ್ಲಿ ಉಳಿಯುವವರು ಯಾರು? ಗಂಡ ಸತ್ತ ಹೆಂಗಸು. ಅಪ್ಪ ಇಲ್ಲದ ಮಕ್ಕಳು. ಮಗನನ್ನು ಕಳೆದುಕೊಂಡ ಮುದುಕಿ. ಅಷ್ಟೇ.

ದುಃಖ ಮಾತ್ರ ಬಸ್ಸು ಹತ್ತುವುದಿಲ್ಲ. ಅದು ಮನೆಯಲ್ಲೇ ಇರುತ್ತದೆ.

ನಾವು ಬರೆದ ದಂಡ

ಎರಡು ವರ್ಷದ ಹಿಂದಿನ ಮಾತು. ನಮ್ಮ ಸಂಘದ ಒಬ್ಬ ಅಕ್ಕನ ಗಂಡ ತೀರಿಕೊಂಡರು. ಆ ಅಕ್ಕನ ಹೆಸರು ಇಲ್ಲಿ ಬೇಡ. ಕೊನೆಮನೆ ಅಕ್ಕ ಅನ್ನೋಣ. ಅವರ ಗಂಡನಿಗೆ 41 ವರ್ಷ. ರಾತ್ರಿ ಹೊಲಕ್ಕೆ ಹೋಗಿ ಪಂಪ್‌ಸೆಟ್ಟು ಹಾಕಿ ಬಂದರು. “ಎದೆ ಉರೀತಿದೆ, ಗ್ಯಾಸ್ ಇರಬೇಕು” ಅಂದರು. ಅಕ್ಕ ಜೀರಿಗೆ ನೀರು ಕಾಯಿಸಿ ಕೊಟ್ಟರು. ಅವರು ಮಲಗಿದರು. ಬೆಳಿಗ್ಗೆ ಏಳಲಿಲ್ಲ.

ಮಗಳು ಒಂಬತ್ತನೆಯ ತರಗತಿ. ಮಗ ಆರನೆಯ ತರಗತಿ. ಜೊತೆಗೆ ಅತ್ತೆ.

ನಾವೆಲ್ಲ ಓಡಿ ಹೋದೆವು. ಅತ್ತೆವು. ಬಾಯಿಗೆ ಬಂದ ಸಮಾಧಾನ ಹೇಳಿದೆವು. “ಅಳಬೇಡ ಕಣಕ್ಕ” ಅಂದೆವು. “ಹಣೆಬರಹ, ಏನು ಮಾಡೋಕಾಗುತ್ತೆ?” ಅಂದೆವು. “ಮಕ್ಕಳ ಮುಖ ನೋಡಿ ಧೈರ್ಯ ತಂದ್ಕೊ” ಅಂದೆವು. ನಮ್ಮಲ್ಲಿ ಒಬ್ಬರು ಇನ್ನೊಂದು ಮಾತು ಹೇಳಿಬಿಟ್ಟರು. “ರಾತ್ರೀನೇ ಆಸ್ಪತ್ರೆಗೆ ಕರ್ಕೊಂಡು ಹೋಗಿದ್ರೆ ಉಳೀತಿದ್ರೇನೋ.”

ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಸಂಕಟದಲ್ಲಿ ಬಂದ ಮಾತು. ಆದರೆ ಆ ಮಾತು ಏನು ಮಾಡಿತು ಅನ್ನುವುದು ನಮಗೆ ಆಮೇಲೆ ತಿಳಿಯಿತು.

ತಿಥಿ ಆಯಿತು. ನಾವು ನಮ್ಮ ನಮ್ಮ ಕೆಲಸಕ್ಕೆ ಹೋದೆವು. ರಾಗಿ ಕೊಯ್ಲಿನ ಕಾಲ. ಯಾರಿಗೂ ಬಿಡುವಿಲ್ಲ. ಸಂಘದ ಸಭೆ ಪ್ರತಿ ಗುರುವಾರ. ಒಂದು ಗುರುವಾರ ಕೊನೆಮನೆ ಅಕ್ಕ ಬರಲಿಲ್ಲ. ಎರಡನೆಯ ಗುರುವಾರ ಬರಲಿಲ್ಲ. ಮೂರನೆಯ ಗುರುವಾರವೂ ಬರಲಿಲ್ಲ. ಸಭೆಗೆ ಬಾರದವರಿಗೆ ಹತ್ತು ರೂಪಾಯಿ ದಂಡ ಅಂತ ನಮ್ಮ ನಿಯಮ. ನಾವು ಪುಸ್ತಕದಲ್ಲಿ ಬರೆದೆವು. “ಗೈರು. ದಂಡ 10.” ಮೂರು ಸಲ ಬರೆದೆವು.

ನಮ್ಮ ಸಂಘದಲ್ಲಿ ಒಬ್ಬ ಅಜ್ಜಿ ಇದ್ದಾರೆ. ಎಪ್ಪತ್ತು ದಾಟಿದೆ. ಆಗ ತಾನೇ ಅಕ್ಷರ ಕಲಿಯುತ್ತಿದ್ದರು. ಬಸ್ಸಿನ ಬೋರ್ಡು ಕಂಡರೂ ಓದಬೇಕು. ಬೆಂಕಿಪೊಟ್ಟಣ ಕಂಡರೂ ಓದಬೇಕು. ಅಷ್ಟು ಆಸೆ. ಅವತ್ತು ಸಂಘದ ಪುಸ್ತಕ ಎಳೆದುಕೊಂಡು ಬೆರಳಿಟ್ಟು ಓದಿದರು. “ದಂ... ಡ. ದಂಡ. ಯಾರಿಗವ್ವ ಇದು ದಂಡ?”

ನಾವು ಹೇಳಿದೆವು, “ಕೊನೆಮನೆ ಅಕ್ಕನಿಗೆ ಅಜ್ಜಿ.”

ಅಜ್ಜಿ ಪುಸ್ತಕ ಮುಚ್ಚಿದರು. “ಗಂಡ ಸತ್ತವಳಿಗೆ ದಂಡ ಬರೆದ್ರಾ? ಅವಳು ಯಾಕೆ ಬರಲಿಲ್ಲ ಅಂತ ಯಾರಾದ್ರೂ ಹೋಗಿ ನೋಡಿದ್ರಾ?”

ಯಾರೂ ನೋಡಿರಲಿಲ್ಲ. ತಿಥಿ ಕಳೆದು ಮೂರು ವಾರ. ಒಂದೇ ಬೀದಿ. ಹನ್ನೆರಡು ಮಂದಿ ಹೆಂಗಸರು. ಒಬ್ಬರೂ ಆ ಮನೆಯ ಹೊಸಿಲು ದಾಟಿರಲಿಲ್ಲ. ಅವತ್ತು ನಮಗೆ ಆದ ನಾಚಿಕೆ ಇವತ್ತಿಗೂ ಹೋಗಿಲ್ಲ.

ಅಜ್ಜಿ ಏನು ಮಾಡಿದರು?

ಅವತ್ತು ಸಂಜೆ ಅಜ್ಜಿ ಹೊರಟರು. ನಾವು ಇಬ್ಬರು ಜೊತೆಗೆ ಹೋದೆವು. ಕೊನೆಮನೆ ಅಕ್ಕ ಗೋಡೆಗೆ ಒರಗಿ ಕೂತಿದ್ದರು. ತಲೆ ಬಾಚಿರಲಿಲ್ಲ. ಮನೆಯಲ್ಲಿ ದೀಪ ಹಚ್ಚಿರಲಿಲ್ಲ.

ಅಜ್ಜಿ ಏನಾದರೂ ಬುದ್ಧಿಮಾತು ಹೇಳುತ್ತಾರೆ ಅಂತ ನಾವು ಕಾದೆವು. ಅವರು ಏನೂ ಹೇಳಲಿಲ್ಲ. ಮೂಲೆಯಲ್ಲಿದ್ದ ಮೊರ ತೆಗೆದುಕೊಂಡರು. ಅಕ್ಕಿ ಹಾಕಿಕೊಂಡರು. ಕಲ್ಲು ಆರಿಸುತ್ತಾ ಪಕ್ಕದಲ್ಲಿ ಕೂತರು. ಅರ್ಧ ಗಂಟೆ ಆಯಿತು. ಯಾರೂ ಮಾತಿಲ್ಲ. ನಮಗೆ ಮುಜುಗರ. ಎದ್ದು ಹೋಗೋಣ ಅನ್ನಿಸಿತು. ಅಜ್ಜಿ ಏಳಲಿಲ್ಲ.

ಆಮೇಲೆ ಕೊನೆಮನೆ ಅಕ್ಕನೇ ಬಾಯಿ ಬಿಟ್ಟರು. “ಅಜ್ಜಿ, ಅವತ್ತು ಅವರು ಸರಿಯಾಗಿ ಉಂಡಿರಲಿಲ್ಲ. ಅರ್ಧ ಮುದ್ದೆ ಬಿಟ್ಟಿದ್ರು.”

ಅಜ್ಜಿ “ಹೂಂ” ಅಂದರು.

“ನಾನು ಜೀರಿಗೆ ನೀರು ಕೊಟ್ಟೆ ಅಜ್ಜಿ. ಆಸ್ಪತ್ರೆಗೆ ಹೋಗಬೇಕು ಅಂತ ಹೊಳೀಲೇ ಇಲ್ಲ. ಕರ್ಕೊಂಡು ಹೋಗಿದ್ರೆ ಉಳೀತಿದ್ರು ಅಂತ ಅವತ್ತೇ ಹೇಳಿದ್ರಲ್ಲ. ದಿನಾ ರಾತ್ರಿ ಆ ಮಾತಿಗೆ ಎಚ್ಚರ ಆಗುತ್ತೆ. ನಾನೇ ಕೊಂದುಬಿಟ್ಟೆ ಅನ್ಸುತ್ತೆ.”

ಆ ಮಾತು ಆಡಿದವರು ನಮ್ಮ ಜೊತೆಗೇ ಬಾಗಿಲಲ್ಲಿ ನಿಂತಿದ್ದರು. ಕೇಳಿ ಕುಸಿದು ಕೂತರು. ಹತ್ತಿರ ಹೋಗಿ ಕೈ ಹಿಡಿದುಕೊಂಡರು. “ತಪ್ಪಾಯ್ತು ಕಣಕ್ಕ. ತಿಳೀದೆ ಆಡಿದೆ. ಆ ರಾತ್ರಿ ನಿನಗೆ ತಿಳಿದಷ್ಟು ನೀನು ಮಾಡ್ದೆ” ಅಂದರು. ಇಬ್ಬರೂ ಅತ್ತರು. ಅಜ್ಜಿ ಅಳಬೇಡಿ ಅನ್ನಲಿಲ್ಲ. ಅತ್ತು ಮುಗಿಯುವ ತನಕ ಸುಮ್ಮನಿದ್ದರು. ಆಮೇಲೆ ಆ ಅಕ್ಕಿಯನ್ನೇ ಒಲೆಗೆ ಇಟ್ಟರು.

ಎದೆ ನೋವು, ಎದೆ ಉರಿ ಬಂದು ಬೆವರಿದರೆ ಕಾಯಬಾರದು. ಕೂಡಲೇ 108ಕ್ಕೆ ಫೋನ್ ಮಾಡಬೇಕು. ಇದು ಎಲ್ಲರೂ ತಿಳಿಯಬೇಕಾದ ಮಾತೇ. ಆದರೆ ಅದನ್ನು ಬದುಕಿರುವವರಿಗೆ ಹೇಳೋಣ. ಸಾವಿನ ಮನೆಯಲ್ಲಿ ಹೇಳುವುದು ಬೇಡ.

ನಾವು ಕಲಿತ ಐದು ಪಾಠ

ಅಜ್ಜಿ ನಮಗೆ ಪಾಠ ಹೇಳಲಿಲ್ಲ. ಅವರನ್ನು ನೋಡಿ ನಾವು ಕಲಿತೆವು.

ಒಂದು, ಹೋಗಬೇಕು. “ಏನು ಮಾತಾಡೋದು, ಹೇಗೆ ಮುಖ ನೋಡೋದು” ಅಂತ ನಾವು ಹಿಂಜರಿಯುತ್ತೇವೆ. ಮಾತು ಬರದಿದ್ದರೂ ಪರವಾಗಿಲ್ಲ. ಕಾಲು ಹೋದರೆ ಸಾಕು.

ಎರಡು, ಕೂರಬೇಕು. ನಿಂತುಕೊಂಡೇ ನಾಲ್ಕು ಮಾತು ಹೇಳಿ ಬರುವುದಲ್ಲ. ಕೂರಬೇಕು. ಮೌನಕ್ಕೆ ಹೆದರಬಾರದು.

ಮೂರು, ಕೇಳಬೇಕು. ಒಂದೇ ಮಾತನ್ನು ಅವರು ಹತ್ತು ಸಲ ಹೇಳಬಹುದು. ಹತ್ತು ಸಲವೂ ಕೇಳಬೇಕು. “ಇದನ್ನ ಆಗಲೇ ಹೇಳಿದ್ಯಲ್ಲ” ಅನ್ನಬಾರದು. ಸತ್ತವರ ಹೆಸರು ಎತ್ತಬಾರದು ಅಂತ ನಾವು ತಿಳಿದಿದ್ದೆವು. ಅದು ತಪ್ಪು. ಕೊನೆಮನೆ ಅಕ್ಕ ಒಂದು ದಿನ ಹೇಳಿದರು. “ಊರಲ್ಲಿ ಯಾರೂ ಅವರ ಹೆಸರು ಎತ್ತಲ್ಲ. ಅವರು ಇದ್ದೇ ಇರಲಿಲ್ಲ ಅನ್ನೋ ಹಂಗೆ.” ಅವತ್ತಿನಿಂದ ನಾವೇ ಹೆಸರು ಹಿಡಿದು ಮಾತಾಡಿದೆವು. ಅವರು ಜಾತ್ರೆಯಲ್ಲಿ ಕುಣಿದದ್ದು, ಕೆರೆಯಲ್ಲಿ ಮೀನು ಹಿಡಿದದ್ದು, ಎಲ್ಲ ನೆನೆದೆವು. ಅಕ್ಕ ಅತ್ತರು. ಅಳುತ್ತಾ ನಕ್ಕರು.

ನಾಲ್ಕು, ಕೈಗೆ ಕೆಲಸ ತೆಗೆದುಕೊಳ್ಳಬೇಕು. “ಏನಾದ್ರೂ ಬೇಕಾದ್ರೆ ಕೇಳಕ್ಕ” ಅಂದರೆ ಯಾರೂ ಕೇಳುವುದಿಲ್ಲ. ದುಃಖದಲ್ಲಿ ಇರುವವರಿಗೆ ಏನು ಬೇಕು ಅನ್ನುವುದೇ ತಿಳಿಯುವುದಿಲ್ಲ. ಬದಲಿಗೆ, “ನಾಳೆ ಹಾಲು ನಾನು ಡೇರಿಗೆ ಹಾಕಿ ಬರ್ತೀನಿ” ಅನ್ನಬೇಕು. ನಮ್ಮಲ್ಲಿ ಒಬ್ಬರು ಹಾಗೇ ಮಾಡಿದರು. ಮೊದಲ ದಿನ ಹಸು ಹೊಸ ಕೈಗೆ ಹಾಲು ಕೊಡಲಿಲ್ಲ. ಒದೆಯಿತು. ಕೊನೆಮನೆ ಅಕ್ಕ ತಾವೇ ಎದ್ದು ಬಂದು ಹಸುವಿನ ಬೆನ್ನು ಸವರಿದರು. ತಿಥಿ ಆದ ಮೇಲೆ ಅವರು ಕೊಟ್ಟಿಗೆಗೆ ಬಂದದ್ದು ಅದೇ ಮೊದಲು.

ಐದು, ಮತ್ತೆ ಹೋಗಬೇಕು. ಇದೇ ಎಲ್ಲಕ್ಕಿಂತ ದೊಡ್ಡದು. ಒಂದು ಸಲ ಹೋಗಿ ಬಂದರೆ ಅದು ಮರ್ಯಾದೆ. ಮತ್ತೆ ಮತ್ತೆ ಹೋದರೆ ಅದು ಆಸರೆ. ಮೊದಲ ಹಬ್ಬ ಬರುತ್ತದೆ. ಅವರು ಹುಟ್ಟಿದ ದಿನ ಬರುತ್ತದೆ. ವರ್ಷದ ತಿಥಿ ಬರುತ್ತದೆ. ಆ ದಿನಗಳಲ್ಲಿ ದುಃಖ ಹೊಸದಾಗುತ್ತದೆ. ಆಗ ತಪ್ಪದೆ ಹೋಗಬೇಕು.

ಸರದಿ ಹಾಕಿದೆವು

ಒಳ್ಳೆಯ ಮನಸ್ಸು ಇದ್ದರೂ ಮರೆತು ಹೋಗುತ್ತದೆ. ಅದಕ್ಕೇ ನಾವು ಒಂದು ಹಾಳೆಯಲ್ಲಿ ಬರೆದೆವು. ಸೋಮವಾರ ಯಾರು, ಮಂಗಳವಾರ ಯಾರು, ಹೀಗೆ ಏಳು ದಿನಕ್ಕೆ ಏಳು ಹೆಸರು. ಹಾಳೆಯನ್ನು ಸಂಘದ ಗೋಡೆಗೆ ಅಂಟಿಸಿದೆವು. ಅಕ್ಷರ ಕಲಿತದ್ದು ಇದಕ್ಕೂ ಬಂತು.

ಸರದಿಯಿಂದ ಇನ್ನೊಂದು ಲಾಭ ಇದೆ. ದುಃಖ ಕೇಳುವವರಿಗೂ ಆಯಾಸ ಆಗುತ್ತದೆ. ನಮ್ಮಲ್ಲಿ ಒಬ್ಬ ತಂಗಿ ಹಿಂದೆ ತನ್ನ ಮಗುವನ್ನು ಕಳೆದುಕೊಂಡಿದ್ದಳು. ಕೊನೆಮನೆಗೆ ಹೋಗಿ ಬಂದ ರಾತ್ರಿ ಅವಳಿಗೆ ಊಟ ಸೇರಲಿಲ್ಲ. ಹಳೆಯ ಗಾಯ ತೆರೆದುಕೊಂಡಿತ್ತು. ಎರಡು ವಾರ ನೀನು ಹೋಗಬೇಡ ಅಂದೆವು. ಅವಳ ಪಕ್ಕದಲ್ಲೂ ನಾವು ಕೂತೆವು. ಆಸರೆ ಕೊಡುವವರಿಗೂ ಆಸರೆ ಬೇಕು.

ಮನೆಯಲ್ಲಿ ಒಬ್ಬರೇ ಅಳುವುದಿಲ್ಲ

ನಾವು ಎಲ್ಲರೂ ಹೆಂಡತಿಯನ್ನೇ ನೋಡುತ್ತಿದ್ದೆವು. ಅತ್ತೆಯನ್ನು ಮರೆತೆವು. ಮಗನನ್ನು ಕಳೆದುಕೊಂಡ ತಾಯಿ ಅವರು. “ವಯಸ್ಸಾದವರು, ಸಾವು ನೋಡಿದವರು” ಅಂತ ಬಿಟ್ಟಿದ್ದೆವು. ಅವರು ರಾತ್ರಿ ಮಗನ ಚಪ್ಪಲಿ ತಲೆಯ ಹತ್ತಿರ ಇಟ್ಟುಕೊಂಡು ಮಲಗುತ್ತಿದ್ದರು.

ಹುಡುಗ ಅಳಲೇ ಇಲ್ಲ. ಬೀದಿಯಲ್ಲಿ ಆಟ ಆಡುತ್ತಿದ್ದ. “ಅಪ್ಪ ಸತ್ತಿದ್ರೂ ಹುಡುಗನಿಗೆ ಚಿಂತೆ ಇಲ್ಲ” ಅಂತ ಕೆಲವರು ಆಡಿದರು. ಹಾಗೆ ಆಡಬಾರದು. ಮಕ್ಕಳ ದುಃಖ ಬೇರೆ ಥರ. ಒಂದು ಗಳಿಗೆ ಅಳುತ್ತಾರೆ, ಮತ್ತೊಂದು ಗಳಿಗೆ ಆಡುತ್ತಾರೆ. ಆ ಹುಡುಗ ಅಪ್ಪನ ಟವಲ್ಲು ಹೊದ್ದುಕೊಂಡು ಮಲಗುತ್ತಿದ್ದ. ಅದನ್ನು ಒಗೆಯಲು ಬಿಡುತ್ತಿರಲಿಲ್ಲ.

ಚಿಕ್ಕ ಮಕ್ಕಳಿಗೆ “ಅಪ್ಪ ಊರಿಗೆ ಹೋಗಿದ್ದಾರೆ” ಅಂತ ಸುಳ್ಳು ಹೇಳಬಾರದು. ಮಗು ದಾರಿ ಕಾಯುತ್ತದೆ. “ನಿದ್ದೆ ಮಾಡಿದ್ದಾರೆ” ಅನ್ನಬಾರದು. ಮಗು ನಿದ್ದೆಗೆ ಹೆದರುತ್ತದೆ. “ಅಪ್ಪ ಸತ್ತು ಹೋದರು. ಅವರು ಮತ್ತೆ ಬರಲ್ಲ. ನಿನ್ನ ತಪ್ಪಿನಿಂದ ಏನೂ ಆಗಿಲ್ಲ. ನಿನ್ನ ನೋಡ್ಕೊಳ್ಳೋಕೆ ನಾವಿದ್ದೀವಿ” ಅಂತ ನಿಜವನ್ನು ಮೆಲ್ಲಗೆ ಹೇಳಬೇಕು.

ಬಸಿರು ಇಳಿದು ಹೋದವಳಿಗೆ, ಕೂಸು ಕಳೆದುಕೊಂಡವಳಿಗೆ “ಬಿಡು, ಇನ್ನೊಂದು ಆಗುತ್ತೆ” ಅನ್ನುತ್ತೇವೆ. ಅವಳಿಗೆ ಬೇಕಾದದ್ದು ಇನ್ನೊಂದು ಅಲ್ಲ. ಹೋದ ಆ ಕೂಸು. ಅದೂ ಸಾವೇ. ಅವಳ ಪಕ್ಕದಲ್ಲೂ ಕೂರಬೇಕು.

ಓದದೆ ಸಹಿ ಬೇಡ

ಸಾವಿನ ಮನೆಗೆ ಆಸರೆ ಅಂದರೆ ಕಣ್ಣೀರು ಒರೆಸುವುದು ಮಾತ್ರ ಅಲ್ಲ. ಕಾಗದ ಪತ್ರದ ಕೆಲಸವೂ ಇದೆ. ದುಃಖದ ಮಂಪರಿನಲ್ಲಿ ಅದು ಬೆಟ್ಟದಂತೆ ಕಾಣುತ್ತದೆ.

ಒಂದು ದಿನ ನೆಂಟರೊಬ್ಬರು ಕಾಗದ ತಂದರು. “ಜಮೀನಿಂದು, ಸುಮ್ಮನೆ ಒಂದು ಸಹಿ” ಅಂದರು. ಕೊನೆಮನೆ ಅಕ್ಕ ಪೆನ್ನು ಹಿಡಿದುಬಿಟ್ಟಿದ್ದರು. ಅವತ್ತಿನ ಸರದಿಯವರು ಅಲ್ಲೇ ಇದ್ದರು. “ಅಕ್ಕ, ಇಟ್ಟಿರಲಿ. ಓದಿ ನೋಡಿ ಆಮೇಲೆ ಹಾಕೋಣ” ಅಂದರು. ತಂದವರು ಕೆಟ್ಟವರು ಅಂತ ನಾವು ಹೇಳುವುದಿಲ್ಲ. ಆದರೆ ಹೆಬ್ಬೆಟ್ಟಿನ ಕಾಲದಿಂದ ನಾವು ಹೊರಗೆ ಬಂದಿದ್ದೇವೆ. ಸಹಿ ಕಲಿತದ್ದು ಓದದೆ ಸಹಿ ಹಾಕುವುದಕ್ಕಲ್ಲ.

ಹಿಂದೂ ಉತ್ತರಾಧಿಕಾರ ಕಾಯಿದೆ 1956ರಲ್ಲಿ ಬಂತು. ಗಂಡ ಉಯಿಲು ಬರೆಯದೆ ತೀರಿಕೊಂಡರೆ ಅವನ ಪಾಲಿನ ಆಸ್ತಿಯಲ್ಲಿ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು, ತಾಯಿ ಎಲ್ಲರಿಗೂ ಸಮ ಪಾಲು ಇದೆ. ಬೇರೆ ಧರ್ಮದವರಿಗೆ ಬೇರೆ ಕಾನೂನು. ಅಲ್ಲೂ ಹೆಂಡತಿಗೆ ಪಾಲು ಇದೆ. ತಕರಾರು ಬಂದರೆ ವಕೀಲರ ಸಹಾಯ ಹೆಂಗಸರಿಗೆ ಉಚಿತವಾಗಿ ಸಿಗುತ್ತದೆ. ತಾಲ್ಲೂಕು ನ್ಯಾಯಾಲಯದಲ್ಲಿ ಕಾನೂನು ಸೇವಾ ಸಮಿತಿ ಇರುತ್ತದೆ. ಅದರ ಫೋನ್ 15100.

ಮೊದಲು ಮಾಡಬೇಕಾದ್ದು ಮರಣ ನೋಂದಣಿ. ಸಾವಾದ 21 ದಿನದ ಒಳಗೆ ಬರೆಸಿದರೆ ಶುಲ್ಕ ಇಲ್ಲ. ತಡವಾದರೂ ಬರೆಸಬಹುದು, ಆದರೆ ಅಲೆದಾಟ ಹೆಚ್ಚು. ಗ್ರಾಮ ಪಂಚಾಯಿತಿಯಲ್ಲಿ ವಿಚಾರಿಸಿದರೆ ಎಲ್ಲಿ ಬರೆಸಬೇಕು ಅಂತ ಹೇಳುತ್ತಾರೆ. ಮರಣ ಪತ್ರ ಇಲ್ಲದೆ ಮುಂದಿನ ಯಾವ ಕೆಲಸವೂ ನಡೆಯುವುದಿಲ್ಲ.

ಎರಡನೆಯದು ಬ್ಯಾಂಕಿನ ಪಾಸ್‌ಬುಕ್ಕು. ನಮ್ಮ ಒಬ್ಬ ತಂಗಿ ಕೊನೆಮನೆಯ ಪಾಸ್‌ಬುಕ್ಕು ಬೆರಳಿಟ್ಟು ಓದಿದಳು. ಒಂದು ಕಡೆ “436” ಕಡಿತ ಅಂತ ಇತ್ತು. ಇದು ಯಾವುದು? ಅಕ್ಕನಿಗೆ ಗೊತ್ತಿಲ್ಲ. ಬ್ಯಾಂಕಿಗೆ ಹೋಗಿ ಕೇಳಿದೆವು. ಅದು ಪ್ರಧಾನಮಂತ್ರಿ ಜೀವನ ಜ್ಯೋತಿ ವಿಮೆ. ವರ್ಷಕ್ಕೆ 436 ರೂಪಾಯಿ. ವಿಮೆ ಇದ್ದವರು ತೀರಿಕೊಂಡರೆ ಮನೆಯವರಿಗೆ ಎರಡು ಲಕ್ಷ ರೂಪಾಯಿ. ಗಂಡ ಯಾವಾಗಲೋ ಮಾಡಿಸಿದ್ದರು, ಹೇಳಿರಲಿಲ್ಲ. ಅರ್ಜಿ ಬರೆದು ಕೊಟ್ಟೆವು. ಹಣ ಬಂತು. ಪಾಸ್‌ಬುಕ್ಕು ಓದದೆ ಇದ್ದಿದ್ದರೆ ಆ ಹಣ ಯಾರಿಗೂ ಇರುತ್ತಿರಲಿಲ್ಲ. ಪಾಸ್‌ಬುಕ್ಕಿನಲ್ಲಿ 20 ರೂಪಾಯಿ ಕಡಿತ ಇದ್ದರೆ ಅದು ಅಪಘಾತ ವಿಮೆ ಇರಬಹುದು. ಅಪಘಾತದಲ್ಲಿ ತೀರಿಕೊಂಡವರಿಗೆ ಅದರಲ್ಲೂ ಎರಡು ಲಕ್ಷ ಇದೆ.

ಮೂರನೆಯದು ಸರ್ಕಾರದ ನೆರವು. ನಾಡಕಚೇರಿಯಲ್ಲಿ ವಿಧವಾ ವೇತನಕ್ಕೆ ಅರ್ಜಿ ಕೊಡಬಹುದು. ಬಡ ಕುಟುಂಬದಲ್ಲಿ ದುಡಿಯುವವರು 18ರಿಂದ 59 ವರ್ಷದ ಒಳಗೆ ತೀರಿಕೊಂಡರೆ ರಾಷ್ಟ್ರೀಯ ಕುಟುಂಬ ಸಹಾಯ ಯೋಜನೆಯಲ್ಲಿ 20,000 ರೂಪಾಯಿ ಇದೆ. ಕಚೇರಿಗೆ ಅವರನ್ನು ಒಂಟಿಯಾಗಿ ಕಳಿಸಬಾರದು. ಜೊತೆಗೆ ಒಬ್ಬರು ಹೋಗಬೇಕು. ಸಾಲಿನಲ್ಲಿ ನಿಲ್ಲಲು, ಅರ್ಜಿ ಓದಲು, ವಾಪಸ್ ಬರುವಾಗ ಒಂದು ಲೋಟ ಟೀ ಕುಡಿಸಲು.

ಬಳೆ ಯಾಕೆ ಒಡೆಯಬೇಕು?

ಇನ್ನೊಂದು ಕಷ್ಟದ ಮಾತು. ಗಂಡ ಸತ್ತವಳ ಬಳೆ ಒಡೆಯುತ್ತಾರೆ. ಕುಂಕುಮ ಒರೆಸುತ್ತಾರೆ. ಕಾಲುಂಗುರ ತೆಗೆಯುತ್ತಾರೆ. ಇದನ್ನು ಮಾಡುವವರು ಯಾರು? ಬಹಳ ಕಡೆ ನಾವೇ, ಹೆಂಗಸರೇ. ಗಾಯದ ಮೇಲೆ ನಾವೇ ಬರೆ ಹಾಕುತ್ತೇವೆ. ಆಮೇಲೆ ಅವಳನ್ನು ಮದುವೆಗೆ ಕರೆಯುವುದಿಲ್ಲ. ಆರತಿಗೆ ಸೇರಿಸುವುದಿಲ್ಲ. ಸಾವು ಒಂದು ಸಲ ಆಗುತ್ತದೆ. ಈ ಅವಮಾನ ದಿನಾ ಆಗುತ್ತದೆ.

ನಮ್ಮ ಬೆಳಗಾವಿ ಜಿಲ್ಲೆಗೆ ಹೊಂದಿಕೊಂಡ ಹಾಗೆ ಮಹಾರಾಷ್ಟ್ರದ ಕೊಲ್ಲಾಪುರ ಜಿಲ್ಲೆ ಇದೆ. ಅಲ್ಲಿ ಹೆರವಾಡ ಅಂತ ಒಂದು ಹಳ್ಳಿ. 2022ರ ಮೇ ತಿಂಗಳಲ್ಲಿ ಆ ಹಳ್ಳಿಯ ಗ್ರಾಮ ಪಂಚಾಯಿತಿ ಒಂದು ಠರಾವು ಮಾಡಿತು. ನಮ್ಮ ಊರಿನಲ್ಲಿ ಇನ್ನು ಬಳೆ ಒಡೆಯುವಂತಿಲ್ಲ, ಕುಂಕುಮ ಒರೆಸುವಂತಿಲ್ಲ ಅಂತ. ಅದನ್ನು ನೋಡಿ ಬೇರೆ ಊರುಗಳೂ ಹೀಗೇ ಮಾಡಿ ಅಂತ ಮಹಾರಾಷ್ಟ್ರ ಸರ್ಕಾರ ಹೇಳಿತು. ಒಂದು ಹಳ್ಳಿ ಮಾಡಿದ್ದನ್ನು ಇನ್ನೊಂದು ಹಳ್ಳಿ ಮಾಡಬಾರದೇ?

ಕೊನೆಮನೆ ಅಕ್ಕನ ಬಳೆಯನ್ನು ಅವತ್ತೇ ಒಡೆದಿದ್ದರು. ನಾವು ತಡೆಯಲಿಲ್ಲ. ಯುಗಾದಿಗೆ ಅವರ ಅತ್ತೆಯೇ ಹೋಗಿ ಹಸಿರು ಬಳೆ ತಂದರು. “ನನ್ನ ಮಗ ಇದ್ದಿದ್ರೆ ನಿನ್ನ ಬರಿಗೈ ನೋಡ್ತಿದ್ನಾ?” ಅಂದರು. ಅಕ್ಕ ಹಾಕಿಕೊಂಡರು. ಹಾಕಿಕೊಳ್ಳುವುದು ಬಿಡುವುದು ಅವರವರ ಇಷ್ಟ. ಆದರೆ ಬಲವಂತ ಯಾರದೂ ಇರಬಾರದು.

ಇದು ನಮ್ಮಿಂದ ಆಗುತ್ತದೆಯೇ?

“ನಾವು ಓದಿದವರಲ್ಲ, ಡಾಕ್ಟರಲ್ಲ. ಇದೆಲ್ಲ ನಮ್ಮಿಂದ ಆಗುತ್ತಾ?” ಅಂತ ನಾವೂ ಕೇಳಿಕೊಂಡೆವು. ದೂರದ ಒಂದು ದೇಶದ ಕತೆ ನಮಗೆ ಧೈರ್ಯ ಕೊಟ್ಟಿತು. ಆಫ್ರಿಕಾದಲ್ಲಿ ಜಿಂಬಾಬ್ವೆ ಅಂತ ಒಂದು ದೇಶ. ಅಲ್ಲಿ ಮನಸ್ಸಿನ ಕಾಯಿಲೆಯ ಡಾಕ್ಟರು ತೀರ ಕಡಿಮೆ. ಡಿಕ್ಸನ್ ಚಿಬಾಂಡ ಅನ್ನುವ ಡಾಕ್ಟರು 2006ರಲ್ಲಿ ಹರಾರೆ ಪಟ್ಟಣದಲ್ಲಿ 14 ಅಜ್ಜಿಯರನ್ನು ಸೇರಿಸಿ ತರಬೇತಿ ಕೊಟ್ಟರು. ಆಸ್ಪತ್ರೆಯ ಅಂಗಳದಲ್ಲಿ ಮರದ ಬೆಂಚು ಹಾಕಿದರು. ಮನಸ್ಸು ನೊಂದವರು ಬಂದು ಅಜ್ಜಿಯ ಪಕ್ಕದಲ್ಲಿ ಕೂತು ಮಾತಾಡುತ್ತಾರೆ. ಅಜ್ಜಿ ಕೇಳುತ್ತಾರೆ. ಕಷ್ಟಕ್ಕೆ ದಾರಿ ಹುಡುಕಲು ಜೊತೆಯಾಗುತ್ತಾರೆ. 2016ರಲ್ಲಿ ಇದನ್ನು ಪರೀಕ್ಷೆ ಮಾಡಿ ನೋಡಿದ ವರದಿ ಬಂತು. ಬೆಂಚಿನ ಮೇಲೆ ಕೂತು ಮಾತಾಡಿದವರ ಮನಸ್ಸು ಆರು ತಿಂಗಳಲ್ಲಿ ಬೇರೆಯವರಿಗಿಂತ ಹೆಚ್ಚು ಸುಧಾರಿಸಿತ್ತು.

ಅವರಿಗೆ ಬೆಂಚು. ನಮಗೆ ಜಗಲಿ ಇದೆಯಲ್ಲ!

ಬುದ್ಧನ ಕತೆ ನಿಮಗೆ ಗೊತ್ತು. ಕಿಸಾಗೋತಮಿಯ ಮಗು ಸತ್ತಿತು. ಬದುಕಿಸಿ ಕೊಡಿ ಅಂತ ಬುದ್ಧನ ಬಳಿ ಬಂದಳು. ಸಾವಿಲ್ಲದ ಮನೆಯಿಂದ ಸಾಸಿವೆ ತಾ ಅಂದ ಬುದ್ಧ. ಅವಳು ಮನೆ ಮನೆ ತಿರುಗಿದಳು. ಸಾವಿಲ್ಲದ ಮನೆ ಸಿಗಲಿಲ್ಲ. ಎಲ್ಲರಿಗೂ ಸಾವು ಇದೆ ಅನ್ನುವುದೇ ಈ ಕತೆಯ ಪಾಠ ಅಂತ ಕೇಳಿದ್ದೇವೆ. ನಮಗೆ ಇನ್ನೊಂದು ಪಾಠವೂ ಕಾಣುತ್ತದೆ. ಅವಳು ಹೋದ ಪ್ರತಿ ಮನೆಯಲ್ಲೂ ಒಬ್ಬರು ಬಾಗಿಲು ತೆರೆದರು. ತಮ್ಮ ಸಾವಿನ ಮಾತು ಹೇಳಿದರು. ಅವಳು ಒಂಟಿಯಲ್ಲ ಅಂತ ತಿಳಿದದ್ದು ಹಾಗೆ.

ನಮ್ಮ ಕೈ ಮೀರಿದಾಗ

ಎಲ್ಲವೂ ನಮ್ಮಿಂದ ಆಗುವುದಿಲ್ಲ. ಅದನ್ನೂ ತಿಳಿದಿರಬೇಕು. ಆರು ತಿಂಗಳು ಕಳೆದರೂ ಊಟ ಇಲ್ಲ, ನಿದ್ದೆ ಇಲ್ಲ, ಕೆಲಸಕ್ಕೆ ಏಳುವುದಿಲ್ಲ ಅಂದರೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬೇಕು. ಆಶಾ ಕಾರ್ಯಕರ್ತೆಗೆ ಹೇಳಬೇಕು.

“ನಾನೂ ಹೋಗಿಬಿಡ್ತೀನಿ” ಅನ್ನುವ ಮಾತು ಬಂದರೆ ಆರು ತಿಂಗಳು ಕಾಯಬಾರದು. ಅವತ್ತೇ ಎಚ್ಚರ ಆಗಬೇಕು. “ಸಾಯಬೇಕು ಅನ್ನಿಸ್ತಿದೆಯಾ ಅಕ್ಕ?” ಅಂತ ನೇರವಾಗಿ ಕೇಳಬೇಕು. ಕೇಳಿದರೆ ಆ ಯೋಚನೆ ಬರುತ್ತದೆ ಅನ್ನುವುದು ಸುಳ್ಳು. ಕೇಳಿದರೆ ಮನಸ್ಸು ಹಗುರ ಆಗುತ್ತದೆ. ಅವರನ್ನು ಒಂಟಿ ಬಿಡಬಾರದು. ಹೊಲಕ್ಕೆ ಹೊಡೆಯುವ ಔಷಧಿ ಮನೆಯಲ್ಲಿ ಇಡಬಾರದು. 14416ಕ್ಕೆ ಫೋನ್ ಮಾಡಬೇಕು. ಇದು ಟೆಲಿ ಮಾನಸ್ ಅಂತ ಸರ್ಕಾರದ ಫೋನು. 2022ರ ಅಕ್ಟೋಬರ್‌ನಲ್ಲಿ ಶುರುವಾಯಿತು. ಹಗಲು ರಾತ್ರಿ ಇರುತ್ತದೆ. ದುಡ್ಡು ಇಲ್ಲ. ಕನ್ನಡದಲ್ಲೇ ಮಾತಾಡಬಹುದು.

ಕೊನೆಯ ಮಾತು

ನಾವು ಸಂಘದ ನಿಯಮ ಬದಲಾಯಿಸಿದೆವು. ಸಾವಾದ ಮನೆಯವರು ಸಭೆಗೆ ಬರದಿದ್ದರೆ ಅವರಿಗೆ ದಂಡ ಇಲ್ಲ. ಹೋಗಿ ನೋಡದ ನಮಗೇ ದಂಡ.

ಹೋದ ಶ್ರಾವಣದಲ್ಲಿ ಮೇಲಿನ ಬೀದಿಯಲ್ಲಿ ಒಬ್ಬ ತಾಯಿಯ ಮಗಳು ತೀರಿಕೊಂಡಳು. ತಿಥಿ ಆಯಿತು. ನೆಂಟರು ಹೋದರು. ಮಾರನೆಯ ದಿನ ಬೆಳಿಗ್ಗೆ ನಾವು ಸರದಿಯ ಹಾಳೆ ಬರೆಯಲು ಕೂತೆವು. ಮೊದಲ ಹೆಸರು ಯಾರದು ಅಂತ ಕೇಳಿದೆವು. ಕೊನೆಮನೆ ಅಕ್ಕ ಪೆನ್ನು ತೆಗೆದುಕೊಂಡು ತಮ್ಮ ಹೆಸರನ್ನು ತಾವೇ ಬರೆದರು. ಆಮೇಲೆ ಎದ್ದು ಹೊರಟರು.

“ಅಲ್ಲಿ ಹೋಗಿ ಏನು ಹೇಳ್ತೀಯಕ್ಕ?” ಅಂತ ಒಬ್ಬರು ಕೇಳಿದರು.

“ಏನೂ ಇಲ್ಲ ಕಣವ್ವ. ಅವರ ಮನೇಲೂ ಒಂದು ಮೊರ ಇರುತ್ತಲ್ಲ” ಅಂದರು.

ಅಕ್ಕಂದಿರೆ, ನಿಮ್ಮ ಬೀದಿಯಲ್ಲೂ ಅಂಥ ಒಂದು ಮನೆ ಇದ್ದೇ ಇರುತ್ತದೆ. ಅಲ್ಲಿ ಹನ್ನೊಂದು ದಿನ ಕಳೆದಿರುತ್ತದೆ. ಇವತ್ತು ಸಂಜೆ ಹೋಗಿ ಬನ್ನಿ.

ಓದಿ, ಮಾತಾಡಿ

1. ನಿಮ್ಮ ಊರಿನಲ್ಲಿ ಸಾವಿನ ಮನೆಗೆ ಎಷ್ಟು ದಿನ ಜನ ಬರುತ್ತಾರೆ? ಆಮೇಲೆ ಯಾರು ಬರುತ್ತಾರೆ?
2. ನಿಮ್ಮ ದುಃಖದಲ್ಲಿ ಯಾರು ಪಕ್ಕದಲ್ಲಿ ಕೂತರು? ಅವರು ಏನು ಮಾಡಿದರು?
3. ಸಮಾಧಾನ ಅಂತ ಹೇಳಿದ ಯಾವ ಮಾತು ನಿಮಗೆ ನೋವು ಕೊಟ್ಟಿತು?
4. ನಿಮ್ಮ ಮನೆಯ ಪಾಸ್‌ಬುಕ್ಕು ತೆಗೆದು ಓದಿ. 436 ಅಥವಾ 20 ರೂಪಾಯಿ ಕಡಿತ ಇದೆಯೇ?
5. ಏಳು ದಿನಕ್ಕೆ ಏಳು ಹೆಸರಿನ ಸರದಿ ಹಾಳೆಯನ್ನು ನಿಮ್ಮ ಸಂಘದಲ್ಲಿ ಬರೆಯಿರಿ.